ಉಷ್ಣಪ್ರಿಯ ಬ್ಯಾಕ್ಟೀರಿಯಗಳೂ ಕಾರ್ಖಾನೆಗಳ ರಾಡಿಯೂ

1914ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು, ಕೊಳಚೆ ನೀರಿನೊಳಕ್ಕೆ ಗಾಳಿಯನ್ನು ಊದಿ, ಅದರಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಸೂಕ್ಷ್ಮಜೀವಿಗಳ ಗಸಿಯನ್ನೇ ಮತ್ತೆ ಮತ್ತೆ ಬಳಸಿಕೊಂಡರೆ ಕೆಲವೇ ಗಂಟೆಗಳಲ್ಲಿ ನೀರನ್ನು ತಿಳಿಗೊಳಿಸಬಹುದೆಂಬ ತಮ್ಮ ಶೋಧವನ್ನು ವಿದ್ವಾಂಸರ ಮುಂದಿಟ್ಟರು. ನಗರಗಳ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸು ನೀರನ್ನೂ ಶುದ್ಧಿಗೊಳಿಸುವ ಅಸಂಖ್ಯ ಘಟಕಗಳು ಇಂದಿಗೂ ಈ ತತ್ತ್ವವನ್ನೇ ಆಶ್ರಯಿಸಿ ನಡೆಯುತ್ತಿವೆ. ಆದರೆ ನೀರು ತಿಳಿಯಾದಷ್ಟೂ ತಳದಲ್ಲಿ ಕೂಡುವ ಗಸಿ ಬೆಳೆಯುತ್ತಲೇ ಹೋಗುತ್ತದೆ. ನೀರಿನಲ್ಲಿದ್ದ ಕಲ್ಮಷದ ಒಂದು ಪಾಲು ಅನಿಲವಾಗಿ ಆಕಾಶಕ್ಕೆ ಹೋದರೆ, ಇನ್ನೊಂದು ಪಾಲು ಜೀವಕೋಶಗಳ ರೂಪವನ್ನು ತಾಳಿ, ನೀರು ಬಸಿದುಹೋದ ಮೇಲೂ ನೂರಕ್ಕೆ ಎಂಬತ್ತರಷ್ಟು ಜಲಾಂಶವನ್ನು ಬಿಡದೆ ಹಿಡಿದಿಟ್ಟುಕೊಂಡು, ದುರ್ಗಂಧಯುಕ್ತವಾದ ಕಪ್ಪು ರಾಡಿಯಾಗಿ ಉಳಿಯುತ್ತದೆ. ಕಾರ್ಖಾನೆಯವರು ಸ್ಲಡ್ಜ್ ಎಂದು ಕರೆಯುವ ಈ ರಾಡಿಯನ್ನು ಸುಡಲು ಇಂಧನ ಬೇಕು, ಹೂಳಲು ಭೂಮಿ ಬೇಕು, ಹೊಳೆಗೆ ಬಿಡಲು ಕಾನೂನು ಒಪ್ಪುವುದಿಲ್ಲ, ಮನಸ್ಸೂ ಒಪ್ಪಬಾರದು. ಹೀಗಿರುವಾಗ, ಅದನ್ನು ಉಷ್ಣಪ್ರಿಯವಾದ ಬ್ಯಾಕ್ಟೀರಿಯಗಳ ಮೂಲಕ ಮಾಗಿಸಿ ಗೊಬ್ಬರವಾಗಿ ಮಾಡಿ ಮಣ್ಣಿಗೆ ಹಿಂದಿರುಗಿಸಬಹುದೇ, ಹಿಂದಿರುಗಿಸುವುದಾದರೆ ಯಾವ ರಾಡಿಯನ್ನು, ಯಾವ ನಿಬಂಧನೆಗಳಿಗೆ ಒಳಪಟ್ಟು ಹಿಂದಿರುಗಿಸಬಹುದು ಎಂಬುದೇ ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿರುವ ಪ್ರಶ್ನೆ.

ಈ ಪ್ರಶ್ನೆಗೂ ಕನ್ನಡ ನಾಡಿಗೂ ಹಳೆಯ ನಂಟುಂಟು. ಮ್ಯಾಂಚೆಸ್ಟರಿನ ಆ ಶೋಧಕ್ಕೆ ಪ್ರೇರಣೆಯಿತ್ತ ಗಿಲ್ಬರ್ಟ್ ಫೌಲರ್ ಅವರು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕರಾಗಿ ಬಂದು, ಹೊಲಸಿನಲ್ಲಿ ಅಡಗಿರುವ ಸಾರಜನಕವನ್ನು ವ್ಯರ್ಥಗೊಳಿಸದೆ ಹೊಲಕ್ಕೆ ಮುಟ್ಟಿಸುವ ವಿಷಯದಲ್ಲಿ ವರ್ಷಗಟ್ಟಲೆ ದುಡಿದರು. ಅದೇ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರ ಸುಮಾರಿಗೆ ರೂಪಿಸಿದ, ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ ಮಾಗಿಸುವ ಕ್ರಮವು 'ಬೆಂಗಳೂರು ಪದ್ಧತಿ' ಎಂಬ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು. ಅದಕ್ಕೆ ಮುಂಚೆ ಇಂದೂರಿನಲ್ಲಿ ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರು ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸುವ ಪದ್ಧತಿಯನ್ನು ಸಿದ್ಧಪಡಿಸಿ 1931ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ್ದರು. ಇಂದೂರಿನ ರಾಶಿ ಉಸಿರಾಡುತ್ತ ಬಹುಕಾಲ ಬಿಸಿಯಾಗಿಯೇ ಇರುತ್ತಿತ್ತು. ಬೆಂಗಳೂರಿನ ಗುಂಡಿಯಾದರೋ ಮೊದಲ ಕೆಲವು ದಿನ ಕಾದು, ಬಳಿಕ ಗಾಳಿಯಿಲ್ಲದೆ ನಿಧಾನವಾಗಿ ತಿಂಗಳುಗಟ್ಟಲೆ ಮಾಗುತ್ತಿತ್ತು. ಮುಂದೆ ಬಂದ ಯಂತ್ರಸಹಿತವಾದ ಪದ್ಧತಿಗಳು ಹೆಚ್ಚಾಗಿ ಇಂದೂರಿನ ಮಾರ್ಗವನ್ನೇ ಹಿಡಿದವು, ಏಕೆಂದರೆ ರಾಡಿಯನ್ನು ಪಳಗಿಸುವ ಶಕ್ತಿಯೆಲ್ಲ ಆ ಬಿಸಿಯಲ್ಲಿಯೇ ಇದೆ.

ಈ ಬಿಸಿಯ ಮೂಲವನ್ನು ಅರಿಯಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಒದ್ದೆಯಾದ ಹುಲ್ಲನ್ನು ಬಣವೆಯೊಟ್ಟಿದರೆ ಅದು ಒಳಗೊಳಗೇ ಕಾದು ಕೆಲವೊಮ್ಮೆ ತಾನಾಗಿ ಹೊತ್ತಿಕೊಳ್ಳುವುದನ್ನು ರೈತರು ಅನಾದಿಯಿಂದಲೂ ಕಂಡಿದ್ದರು. 1879ರಲ್ಲಿ ಫ್ರಾನ್ಸಿನ ಮಿಕೆಲ್ ಎಂಬಾತ ಪ್ಯಾರಿಸ್ಸಿನ ಸೇನ್ ನದಿಯ ನೀರಿನಿಂದ, 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ವೃದ್ಧಿಯಾಗುವ ದಂಡಾಕಾರದ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿದಾಗ, ಮೊಟ್ಟೆಯ ಬಿಳಿಭಾಗ ಗಟ್ಟಿಯಾಗುವಷ್ಟು ಶಾಖದಲ್ಲಿ ಜೀವಕ್ಕೆ ಎಡೆಯಿದೆಯೇ ಎಂದು ಪಂಡಿತರು ಬೆರಗಾದರು. ಜರ್ಮನಿಯ ಫರ್ಡಿನೆಂಡ್ ಕೋನ್ ಆ ಶತಮಾನದ ಕೊನೆಯ ದಶಕಗಳಲ್ಲಿ ಕಾಯುವ ರಾಶಿಗಳಿಗೂ ಸೂಕ್ಷ್ಮಜೀವಿಗಳಿಗೂ ಇರುವ ಸಂಬಂಧವನ್ನು ತೋರಿಸಿದನು. ರಷ್ಯದ ವಿದುಷಿ ಟ್ಸಿಕ್ಲಿನ್ಸ್ಕಾಯ ಅವರು 1899ರಲ್ಲಿ ಥರ್ಮೋಆಕ್ಟಿನೋಮೈಸಿಸ್ ಎಂಬ, ಎಳೆಎಳೆಯಾಗಿ ಹಬ್ಬುವ ಕುಲವೊಂದನ್ನು ವರ್ಣಿಸಿದರು. ಹ್ಯೂಗೋ ಮೀಹೆ ಎಂಬಾತ 1907ರಲ್ಲಿ ಹುಲ್ಲಿನ ಸ್ವಯಂತಾಪವನ್ನು ಕುರಿತು ಪುಸ್ತಕವನ್ನೇ ಬರೆದು, ಜೀವಾಣುರಹಿತವಾಗಿ ಮಾಡಿದ ಹುಲ್ಲು ಕಾಯುವುದಿಲ್ಲವೆಂದೂ ಅದಕ್ಕೆ ಮತ್ತೆ ಜೀವಾಣುಗಳನ್ನು ಸೇರಿಸಿದರೆ ಕಾಯುವುದೆಂದೂ ಸಾಧಿಸಿ ತೋರಿಸಿದನು. ಈ ಜೀವಿಗಳ ಪ್ರೋಟೀನುಗಳು ಒಳಗೊಳಗೆ ಬಿಗಿಯಾಗಿ ಹೆಣೆದುಕೊಂಡಿರುವುದರಿಂದಲೂ, ಕೋಶದ ಪೊರೆಯ ಕೊಬ್ಬು ಸುಲಭವಾಗಿ ಸಡಿಲವಾಗದ ಜಾತಿಯದಾದುದರಿಂದಲೂ, ಇತರ ಜೀವಿಗಳು ಸಾಯುವ ಶಾಖ ಇವುಗಳಿಗೆ ಹಿತಕರವಾಗಿರುತ್ತದೆ. ಸಾಮಾನ್ಯವಾಗಿ 45 ಡಿಗ್ರಿಗೆ ಮೇಲ್ಪಟ್ಟ ಶಾಖದಲ್ಲಿ ಚೆನ್ನಾಗಿ ಬೆಳೆಯುವವುಗಳನ್ನು ಉಷ್ಣಪ್ರಿಯಗಳೆಂದು ಎಣಿಸುವುದು ವಾಡಿಕೆ.

ರಾಶಿಯೊಳಗೆ ನಡೆಯುವ ವ್ಯಾಪಾರವು ಹೀಗಿದೆ. ರಾಡಿಯನ್ನು ಹೊಟ್ಟು, ಮರದ ಪುಡಿ ಮೊದಲಾದವುಗಳೊಡನೆ ಕಲಸಿ ಗುಡ್ಡೆಹಾಕಿದೊಡನೆ, ಸಾಧಾರಣ ಶಾಖದಲ್ಲಿ ಬದುಕುವ ಬ್ಯಾಕ್ಟೀರಿಯಗಳು ಸಕ್ಕರೆ, ಪಿಷ್ಟ, ಪ್ರೋಟೀನು ಮುಂತಾದ ಸುಲಭ ಗ್ರಾಸವನ್ನು ತಿಂದು ಉಸಿರಾಡತೊಡಗುತ್ತವೆ. ಉಸಿರಾಟದಿಂದ ಹೊರಟ ಶಾಖವು ರಾಶಿಯ ದಪ್ಪದಿಂದಾಗಿ ಹೊರಬೀಳಲಾರದೆ ಶೇಖರವಾಗುತ್ತ, ಒಂದೆರಡು ದಿನಗಳಲ್ಲಿ 45 ಡಿಗ್ರಿಯನ್ನು ದಾಟಿ, ಅದನ್ನು ಉತ್ಪಾದಿಸಿದ ಜೀವಿಗಳನ್ನೇ ನಿಸ್ತೇಜಗೊಳಿಸುತ್ತದೆ. ಅದುವರೆಗೆ ಬೀಜಾಣುಗಳ ರೂಪದಲ್ಲಿ ನಿದ್ರಿಸುತ್ತಿದ್ದ ಬ್ಯಾಸಿಲಸ್ ವರ್ಗದ ಉಷ್ಣಪ್ರಿಯಗಳು ಆಗ ಎಚ್ಚತ್ತು ರಾಶಿಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತವೆ. 50ರಿಂದ 60 ಡಿಗ್ರಿಯವರೆಗೆ ಇವುಗಳ ಬಗೆಬಗೆಯ ಜಾತಿಗಳೂ, ಎಳೆಎಳೆಯಾಗಿ ಹಬ್ಬುವ ಆಕ್ಟಿನೋಮೈಸೀಟುಗಳೂ, ಕೆಲವು ಶಿಲೀಂಧ್ರಗಳೂ ಒಟ್ಟಿಗೆ ಕೆಲಸಮಾಡುತ್ತವೆ. 60ನ್ನು ಮೀರಿದರೆ ಶಿಲೀಂಧ್ರಗಳು ಹಿಂಜರಿದು, ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಮೊದಲಾದ ಕೆಲವೇ ಜಾತಿಗಳು ಉಳಿಯುತ್ತವೆ. ಅಮೆರಿಕದ ಯೆಲ್ಲೋಸ್ಟೋನಿನ ಬಿಸಿನೀರಿನ ಬುಗ್ಗೆಗಳಲ್ಲಿ ಥಾಮಸ್ ಬ್ರಾಕ್ ಅವರು ಕಂಡು, 1969ರಲ್ಲಿ ಹೆಸರಿಟ್ಟು ವರ್ಣಿಸಿದ ಥರ್ಮಸ್ ಎಂಬ ಕುಲವು, 65 ಡಿಗ್ರಿಗೆ ಮೇಲ್ಪಟ್ಟು ಕಾದ ಸಾಧಾರಣ ಗೊಬ್ಬರದ ರಾಶಿಗಳಲ್ಲಿಯೂ ಹೇರಳವಾಗಿ ಇರುವುದೆಂದು 1996ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ತೋರಿಸಿದರು. ಜ್ವಾಲಾಮುಖಿಯ ಮಡಿಲಿನ ಜೀವಿ ತಿಪ್ಪೆಯಲ್ಲಿಯೂ ಮನೆಮಾಡಿಕೊಂಡಿದೆಯೆಂಬುದು ನಿಜವಾಗಿಯೂ ವಿಸ್ಮಯದ ಸಂಗತಿ.

ಹಾಗಾದರೆ ರಾಶಿ ಎಷ್ಟು ಕಾದರೆ ಒಳ್ಳೆಯದು? ಈ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡವಾಗಿ ನಿಂತಿದ್ದಾರೆ. ಮುಂದೆ ಸ್ಟ್ರೆಪ್ಟೋಮೈಸಿನ್ ಔಷಧದಿಂದ ಖ್ಯಾತರಾದ ಸೆಲ್ಮನ್ ವ್ಯಾಕ್ಸ್‌ಮನ್ ಅವರು ತಮ್ಮ ಸಹೋದ್ಯೋಗಿಗಳೊಡನೆ 1939ರಲ್ಲಿ ಲದ್ದಿಯ ಗೊಬ್ಬರವನ್ನು ಬೇರೆಬೇರೆ ಶಾಖಗಳಲ್ಲಿ ಇಟ್ಟು ನೋಡಿ, 50 ಡಿಗ್ರಿಯಲ್ಲಿ ಕೊಳೆಯುವಿಕೆ ಚುರುಕಾಗಿಯೂ 75ರಲ್ಲಿ ಮಂದವಾಗಿಯೂ ಇರುವುದನ್ನು ಕಂಡರು. 1980ರ ದಶಕದಲ್ಲಿ ನ್ಯೂಜರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾನಿಲಯದ ಮೆಲ್ವಿನ್ ಫಿನ್‌ಸ್ಟೈನ್ ಅವರು ಈ ವಿಚಾರವನ್ನು ಕೊಳಚೆಯ ರಾಡಿಗೆ ಅನ್ವಯಿಸಿ, ರಾಶಿ 60 ಡಿಗ್ರಿಯನ್ನು ಮೀರಿದರೆ ತನ್ನ ಕೆಲಸಗಾರರನ್ನು ತಾನೇ ಕೊಲ್ಲುತ್ತದೆಂದೂ, ಆದ್ದರಿಂದ ಬೀಸಣಿಗೆಗಳನ್ನು ಶಾಖಮಾಪಕಗಳಿಗೆ ಜೋಡಿಸಿ, ಶಾಖ ಏರಿದಂತೆಲ್ಲ ಹೆಚ್ಚು ಗಾಳಿಯನ್ನು ಊದಿ ರಾಶಿಯನ್ನು ತಣಿಸುತ್ತಿರಬೇಕೆಂದೂ ಪಟ್ಟುಹಿಡಿದು ವಾದಿಸಿದರು. ಇದಕ್ಕೆ ಎದುರಾಗಿ ಜಪಾನಿನ ಕಗೋಷಿಮಾದಲ್ಲಿ, ಚೆನ್ನಾಗಿ ಮಾಗಿದ ಹಳೆಯ ಗೊಬ್ಬರವನ್ನು ಹೆಪ್ಪಿನಂತೆ ಹೊಸ ರಾಡಿಗೆ ಬೆರೆಸಿ ಬಲವಾಗಿ ಗಾಳಿಯೂದಿ, ರಾಶಿಯನ್ನು 80 ಡಿಗ್ರಿಗೂ ಮೀರಿ ಕಾಯಿಸುವ ಪದ್ಧತಿಯೊಂದು ಬೆಳೆಯಿತು. ಅಲ್ಲಿಯ ರಾಶಿಯನ್ನು ಪರೀಕ್ಷಿಸಿದ ತೈರೋ ಓಷಿಮಾ ಮತ್ತು ಅವರ ಸಂಗಡಿಗರು 80 ಡಿಗ್ರಿಯ ಆಸುಪಾಸಿನಲ್ಲಿ ಸುಖವಾಗಿ ಬೆಳೆಯುವ ಕ್ಯಾಲ್ಡಿಟೆರಿಕೋಲ ಎಂಬ ಹೊಸ ಕುಲವನ್ನೇ ಗುರುತಿಸಿದರು. ಚೀನಾದ ಫುಜಿಯಾನ್ ಪ್ರಾಂತದ ಸಂಶೋಧಕರು ಈ ಅತ್ಯುಷ್ಣ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ, ಔಷಧಗಳಿಗೆ ಬಗ್ಗದ ಗುಣವನ್ನು ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಸಾಗಿಸುವ ಜೀನುಗಳು ಸಾಧಾರಣ ರಾಶಿಯಲ್ಲಿ ನಾಶವಾಗುವುದಕ್ಕಿಂತ ಇದರಲ್ಲಿ ಹೆಚ್ಚಾಗಿ ನಾಶವಾಗುತ್ತವೆಂದು 2018ರಲ್ಲಿ ವರದಿಮಾಡಿದರು.

ನನ್ನ ಮಟ್ಟಿಗೆ ಈ ಎರಡು ಮತಗಳಲ್ಲಿ ಕಾಣುವ ವಿರೋಧವು ಉದ್ದೇಶದ ಭೇದದಿಂದ ಹುಟ್ಟಿದುದು. ರಾಡಿ ಬೇಗ ಕೊಳೆತು ಸ್ಥಿರವಾದ ಗೊಬ್ಬರವಾಗಬೇಕೆಂಬುವರಿಗೆ 55ರಿಂದ 60 ಡಿಗ್ರಿ ಸಾಕು. ಆಸ್ಪತ್ರೆಯ, ಔಷಧ ಕಾರ್ಖಾನೆಯ ಅಂಶಗಳು ಬೆರೆತ ರಾಡಿಯನ್ನು ನಿರಪಾಯಗೊಳಿಸಬೇಕೆಂಬುವರಿಗೆ ಅತ್ಯುಷ್ಣವೂ ಬೇಕಾಗಬಹುದು, ಆದರೆ ಅದಕ್ಕೆ ತಕ್ಕ ಜೀವಿಗಳು ರಾಶಿಯಲ್ಲಿ ಮೊದಲೇ ನೆಲಸಿರಬೇಕು. ಹೆಚ್ಚು ಶಾಖಕ್ಕೆ ತೆರಬೇಕಾದ ಬೆಲೆಯೂ ಒಂದುಂಟು. ಬಿಸಿಯೂ ಕ್ಷಾರತೆಯೂ ಒಟ್ಟಿಗೆ ಏರಿದಾಗ ಸಾರಜನಕವು ಅಮೋನಿಯವಾಗಿ ಹಾರಿಹೋಗುತ್ತದೆ. ಅಮೋನಿಯವನ್ನು ನೈಟ್ರೇಟಾಗಿ ಹಿಡಿದಿಡುವ ಬ್ಯಾಕ್ಟೀರಿಯಗಳು ಅಷ್ಟು ಶಾಖದಲ್ಲಿ ಬದುಕಲಾರವು. ಫೌಲರ್ ಅವರು ಯಾವ ಸಾರಜನಕದ ರಕ್ಷಣೆಗಾಗಿ ಹಂಬಲಿಸಿದರೋ ಅದೇ ಹೀಗೆ ಕಣ್ಣೆದುರಿಗೆ ಕರಗಿಹೋಗುವುದು ಚಿಂತಿಸಬೇಕಾದ ನಷ್ಟ.

ಇನ್ನು ರೋಗಾಣುಗಳ ವಿಷಯ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 1993ರಲ್ಲಿ ಹೊರಡಿಸಿದ ನಿಯಮದಂತೆ, ಮುಚ್ಚಿದ ಪಾತ್ರೆಯಲ್ಲಾಗಲಿ ಗಾಳಿಯೂದುವ ರಾಶಿಯಲ್ಲಾಗಲಿ ರಾಡಿಯು 55 ಡಿಗ್ರಿಯಲ್ಲಿ ಮೂರು ದಿನ ಇರತಕ್ಕದ್ದು. ಮಗುಚುವ ಉದ್ದ ಸಾಲುಗಳಾದರೆ ಹದಿನೈದು ದಿನ ಇದ್ದು, ಅಷ್ಟರಲ್ಲಿ ಐದು ಸಲವಾದರೂ ಮಗುಚತಕ್ಕದ್ದು. ರಾಶಿಯ ಹೊರಮೈ ಯಾವಾಗಲೂ ತಣ್ಣಗಿರುವುದರಿಂದ, ಹೊರಗಿನದು ಒಳಗೆ ಬಂದಲ್ಲದೆ ಜಂತುಹುಳುವಿನ ಮೊಟ್ಟೆಗಳೂ ಸಾಲ್ಮೊನೆಲ್ಲಗಳೂ ಪೂರ್ತಿ ನಾಶವಾಗವೆಂಬುದು ಇದರ ಹಿಂದಿನ ತರ್ಕ.

ಶಾಖ ಏರಬೇಕಾದರೆ ನೀರು, ಗಾಳಿ, ಆಹಾರ ಮೂರೂ ಹದವಾಗಿರಬೇಕು; ರಾಡಿಯಾದರೋ ಈ ಮೂರರಲ್ಲಿಯೂ ಹದ ತಪ್ಪಿದ ಪದಾರ್ಥ. ರಾಶಿಗೆ ಬೇಕಾದ ಜಲಾಂಶ ನೂರಕ್ಕೆ 50ರಿಂದ 60, ರಾಡಿಯಲ್ಲಿರುವುದು 80. ಸಾರಜನಕದ ಒಂದು ಭಾಗಕ್ಕೆ ಇಂಗಾಲವು 25ರಿಂದ 30 ಭಾಗವಿರಬೇಕು. ಜೈವಿಕ ಶುದ್ಧೀಕರಣದ ರಾಡಿಯಲ್ಲಿರುವುದು ಹತ್ತಕ್ಕೂ ಕಡಮೆ. ಜೇಡಿಯಂತೆ ಅಂಟಿಕೊಂಡಿರುವುದರಿಂದ ಗಾಳಿಗೆ ಹಾದಿಯೂ ಇಲ್ಲ. ಆದ್ದರಿಂದ ಮರದ ಚಕ್ಕೆ, ಗರಗಸದ ಹೊಟ್ಟು, ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ, ತೆಂಗಿನ ನಾರಿನ ಪುಡಿ, ಅಡಿಕೆಯ ಸಿಪ್ಪೆ ಮೊದಲಾದ ಒಣ ಪದಾರ್ಥಗಳನ್ನು ಬೆರೆಸಿದಾಗ, ಒಂದೇ ಉಪಾಯದಿಂದ ನೀರು ಹೀರಲ್ಪಟ್ಟು, ಇಂಗಾಲ ಕೂಡಿ, ಗಾಳಿಗೆ ಸಂದು ದೊರೆಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಬೆಲ್ಟ್ಸ್‌ವಿಲ್ ಎಂಬಲ್ಲಿ, ಮರದ ಚಕ್ಕೆ ಬೆರೆಸಿದ ರಾಡಿಯ ರಾಶಿಯ ಅಡಿಯಲ್ಲಿ ತೂತುಕೊಳವೆಗಳನ್ನಿಟ್ಟು ಗಾಳಿಯಾಡಿಸಿ, ಮಗುಚದೆಯೇ ಮಾಗಿಸುವ ಕ್ರಮವನ್ನು ಬಳಕೆಗೆ ತಂದರು. ಶಾಖದ ಲೆಕ್ಕವನ್ನೂ ನೋಡಬೇಕು: ಒಂದು ಕಿಲೋಗ್ರಾಂ ಸೇಂದ್ರಿಯ ಪದಾರ್ಥವು ಪೂರ್ತಿ ಜೀರ್ಣವಾದರೆ ಸುಮಾರು 20 ಮೆಗಾಜೂಲ್ ಶಾಖ ಹುಟ್ಟುತ್ತದೆ, ಒಂದು ಕಿಲೋಗ್ರಾಂ ನೀರನ್ನು ಆವಿಮಾಡಲು ಸುಮಾರು 2.4 ಮೆಗಾಜೂಲ್ ಬೇಕಾಗುತ್ತದೆ. ರಾಶಿಯಲ್ಲಿ ಹುಟ್ಟಿದ ಶಾಖದ ಬಹುಪಾಲು ಹೀಗೆ ನೀರನ್ನು ಒಣಗಿಸುವುದಕ್ಕೇ ವೆಚ್ಚವಾಗುವುದರಿಂದ, ರಾಡಿಯಿಂದ ಮೊದಲೇ ನೀರನ್ನು ಹಿಂಡಿ ತೆಗೆಯದ ಕಾರ್ಖಾನೆಯು ಉಷ್ಣಪ್ರಿಯಗಳಿಂದ ಫಲವನ್ನು ನಿರೀಕ್ಷಿಸಲಾಗದು.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ಅತ್ಯಂತ ವಿಶಾಲವಾದ ಪ್ರಯೋಗಭೂಮಿ ದೊರೆತಿರುವುದು ಸಕ್ಕರೆಯ ಕಾರ್ಖಾನೆಗಳ ಅಂಗಳಗಳಲ್ಲಿ. ಮಂಡ್ಯದಿಂದ ಬೆಳಗಾವಿ, ಬಾಗಲಕೋಟೆಗಳವರೆಗೆ ಎಲ್ಲಿ ಕಬ್ಬು ಅರೆಯಲ್ಪಡುತ್ತದೆಯೋ ಅಲ್ಲೆಲ್ಲ, ರಸವನ್ನು ಶೋಧಿಸಿದಾಗ ಕಬ್ಬಿನ ತೂಕದ ನೂರಕ್ಕೆ ಮೂರು ನಾಲ್ಕು ಪಾಲು ಗಸಿ, ಎಂದರೆ ಪ್ರೆಸ್‌ಮಡ್ ಉಳಿಯುತ್ತದೆ. ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯಲ್ಲಿ ಒಂದು ಲೀಟರು ಮದ್ಯಸಾರಕ್ಕೆ ಎಂಟರಿಂದ ಹದಿನೈದು ಲೀಟರಿನಷ್ಟು ಸ್ಪೆಂಟ್‌ವಾಶ್ ಎಂಬ ಕಡುಗಂದು ದ್ರವ ಉಳಿಯುತ್ತದೆ. ಈ ದ್ರವವು ಹೊಳೆಗೆ ಸೇರಿದರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲತಕ್ಕಷ್ಟು ಪ್ರಬಲವಾದುದು. ಪ್ರೆಸ್‌ಮಡ್ಡನ್ನು ಉದ್ದುದ್ದ ಸಾಲುಗಳಾಗಿ ಹಾಕಿ, ಸ್ಪೆಂಟ್‌ವಾಶನ್ನು ಅದರ ಮೇಲೆ ದಿನದಿನವೂ ಸಿಂಪಡಿಸುತ್ತ, ಯಂತ್ರದಿಂದ ಮಗುಚುತ್ತ ಬಂದರೆ, ಒಳಗಿನ ಉಷ್ಣಪ್ರಿಯಗಳು ಎರಡರಲ್ಲಿರುವ ಸೇಂದ್ರಿಯಾಂಶವನ್ನೂ ತಿಂದು, ಹುಟ್ಟಿದ ಶಾಖದಿಂದ ನೀರನ್ನು ಆವಿಯಾಗಿ ಅಟ್ಟಿ, ಎರಡು ತಿಂಗಳೊಳಗಾಗಿ ಮಣ್ಣಿನ ವಾಸನೆಯ ಗೊಬ್ಬರವನ್ನು ಒಪ್ಪಿಸುತ್ತವೆ. ಕಬ್ಬು ಭೂಮಿಯಿಂದ ಹೀರಿದ ಪೊಟ್ಯಾಷು ಹೀಗೆ ಕಬ್ಬಿನ ಗದ್ದೆಗೆ ಮರಳುವುದು ಅತ್ಯಂತ ಯೋಗ್ಯವಾದ ಕ್ರಮವೆಂದೇ ನಾನು ತಿಳಿದಿದ್ದೇನೆ. ಆದರೆ ಇದರಲ್ಲಿಯೂ ಎಚ್ಚರ ತಪ್ಪುವ ಎಡೆಗಳುಂಟು: ರಾಶಿ ಕುಡಿಯಲಾರದಷ್ಟು ದ್ರವವನ್ನು ಸುರಿದರೂ, ಅಂಗಳದ ತಳಕ್ಕೆ ನೀರಿಳಿಯದ ಹಾಸನ್ನು ಹಾಕದಿದ್ದರೂ, ಮಳೆಗಾಲದಲ್ಲಿ ಕೆಲಸವನ್ನು ನಿಲ್ಲಿಸದಿದ್ದರೂ, ಕಂದು ನೀರು ಸುತ್ತಲಿನ ಬಾವಿಗಳಿಗೆ ಇಳಿಯುತ್ತದೆ, ಲವಣಾಂಶ ಮಿತಿಮೀರಿದ ಗೊಬ್ಬರವನ್ನು ವರ್ಷವರ್ಷವೂ ಹಾಕಿದ ಭೂಮಿ ಚೌಳಾಗುವ ಭಯವೂ ಇದೆ.

ಕಾಗದದ ಕಾರ್ಖಾನೆಯ ರಾಡಿ ಜೈವಿಕ ಶುದ್ಧೀಕರಣದ ರಾಡಿಗೆ ವಿರುದ್ಧ ಸ್ವಭಾವದ್ದು. ಅದರಲ್ಲಿ ನಾರು ಬಹಳ, ಸಾರಜನಕ ಅತ್ಯಲ್ಪ. ಅದಕ್ಕೆ ಸಗಣಿಯನ್ನೋ ಕೋಳಿಗೊಬ್ಬರವನ್ನೋ ಬೆರೆಸಬೇಕು. ಹಾಲಿನ ಡೇರಿಗಳ, ಹಣ್ಣು ಸಂಸ್ಕರಿಸುವ ಕಾರ್ಖಾನೆಗಳ ರಾಡಿ ಒಳ್ಳೆಯ ಗ್ರಾಸ, ಹೆಚ್ಚು ಹೇಳಬೇಕಾದುದಿಲ್ಲ. ಖನಿಜತೈಲವನ್ನೂ ಫೀನಾಲುಗಳನ್ನೂ ಒಳಗೊಂಡ ರಾಡಿಯಲ್ಲಿಯೂ ಬ್ಯಾಕ್ಟೀರಿಯಗಳು ಕಾಲಾವಕಾಶವಿದ್ದರೆ ಬಹುಭಾಗವನ್ನು ಒಡೆಯಬಲ್ಲವು. ಅಮೆರಿಕದ ಒರೆಗಾನ್ ಸಂಸ್ಥಾನದ ಉಮಾಟಿಲ್ಲ ಎಂಬ ಸೈನ್ಯದ ಉಗ್ರಾಣದಲ್ಲಿ, ಟಿ.ಎನ್.ಟಿ. ಎಂಬ ಸ್ಫೋಟಕವು ಇಂಗಿದ್ದ ಮಣ್ಣನ್ನು 1990ರ ದಶಕದಲ್ಲಿ ಇದೇ ರೀತಿ ಗೊಬ್ಬರದ ಸಾಲುಗಳಲ್ಲಿ ಹದಗೊಳಿಸಿದರು.

ಆದರೆ ಚರ್ಮ ಹದಮಾಡುವ, ಲೋಹಲೇಪನ ಮಾಡುವ, ಬ್ಯಾಟರಿ ತಯಾರಿಸುವ ಕಾರ್ಖಾನೆಗಳ ರಾಡಿಗೆ ಬಂದಾಗ ಈ ವಿದ್ಯೆಯ ಎಲ್ಲೆ ಎದುರಾಗುತ್ತದೆ. ಬ್ಯಾಕ್ಟೀರಿಯ ಎಷ್ಟೇ ಉಷ್ಣಪ್ರಿಯವಾಗಿರಲಿ, ಇಂಗಾಲದ ಬಂಧಗಳನ್ನು ಒಡೆಯಬಲ್ಲುದೇ ಹೊರತು ಸೀಸವನ್ನೂ ಕ್ಯಾಡ್ಮಿಯಮ್ಮನ್ನೂ ಇಲ್ಲದಂತೆ ಮಾಡಲಾರದು. ಅಷ್ಟೇ ಅಲ್ಲ, ಸೇಂದ್ರಿಯಾಂಶ ಕರಗಿದಷ್ಟೂ ಉಳಿದ ಪದಾರ್ಥದಲ್ಲಿ ಲೋಹದ ಪ್ರಮಾಣ ಏರುತ್ತದೆ: ಕಿಲೋಗ್ರಾಮಿಗೆ 100 ಮಿಲಿಗ್ರಾಂ ಸೀಸವಿದ್ದ ಒಣ ರಾಡಿಯು ನೂರಕ್ಕೆ ನಲವತ್ತರಷ್ಟು ಕರಗಿದರೆ, ಉಳಿದುದರಲ್ಲಿ ಸೀಸವು 167 ಮಿಲಿಗ್ರಾಮಿನಷ್ಟಾಗುತ್ತದೆ. ಮಾಗಿದ ಗೊಬ್ಬರದ ಸೇಂದ್ರಿಯಾಂಶವಾದ ಹ್ಯೂಮಸ್ಸು ಲೋಹವನ್ನು ಕಟ್ಟಿಹಾಕಿ ಬೆಳೆಗೆ ದಕ್ಕದಂತೆ ಮಾಡುವುದೆಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಹ್ಯೂಮಸ್ಸು ಕಾಲಕ್ರಮದಲ್ಲಿ ಕರಗತಕ್ಕದ್ದು, ಲೋಹ ಕರಗತಕ್ಕದ್ದಲ್ಲ, ಮಲೆನಾಡಿನ ಮತ್ತು ಕರಾವಳಿಯ ಹುಳಿಮಣ್ಣಿನಲ್ಲಿ ಆ ಕಟ್ಟು ಇನ್ನೂ ಬೇಗ ಸಡಿಲವಾಗುತ್ತದೆ. ಚರ್ಮದ ಕಾರ್ಖಾನೆಯ ಕ್ರೋಮಿಯಂ ಸಾಧಾರಣವಾಗಿ ಚಲನೆಯಿಲ್ಲದ ರೂಪದಲ್ಲಿದ್ದರೂ, ಮಣ್ಣಿನ ಮ್ಯಾಂಗನೀಸಿನ ಸಂಗದಿಂದ ಅದರ ಒಂದಂಶವು ವಿಷಕರವಾದ ಇನ್ನೊಂದು ರೂಪಕ್ಕೆ ತಿರುಗಬಲ್ಲುದು. ನಿತ್ಯರಾಸಾಯನಿಕಗಳೆಂದು ಹೆಸರಾದ ಫ್ಲೋರಿನ್ನಿನ ಕೆಲವು ಸಂಯುಕ್ತಗಳೂ ಯಾವ ರಾಶಿಯ ಶಾಖಕ್ಕೂ ಜಗ್ಗುವುದಿಲ್ಲ. ಈ ಕಾರಣದಿಂದಲೇ ಅಮೆರಿಕದ ಮೇನ್ ಸಂಸ್ಥಾನವು 2022ರಲ್ಲಿ ಕೊಳಚೆಯ ರಾಡಿಯನ್ನೂ ಅದರಿಂದ ಮಾಡಿದ ಗೊಬ್ಬರವನ್ನೂ ಹೊಲಗಳಿಗೆ ಹಾಕುವುದನ್ನು ನಿಷೇಧಿಸಿತು.

ಉಷ್ಣಪ್ರಿಯ ಬ್ಯಾಕ್ಟೀರಿಯಗಳ ಪುಡಿಯನ್ನು ಚೀಲಗಳಲ್ಲಿ ತುಂಬಿ ಮಾರುವ ವ್ಯಾಪಾರವೂ ಈಗ ಬೆಳೆದಿದೆಯಾದುದರಿಂದ, ಅದರ ಬಗ್ಗೆ ಒಂದು ಮಾತು. ಗೊಲ್ಯೂಕ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಕ್ಯಾಲಿಫೋರ್ನಿಯದಲ್ಲಿ ಇಂಥ ಹೆಪ್ಪುಗಳನ್ನು ಪರೀಕ್ಷಿಸಿ, ಸಾಧಾರಣ ಕಸಕ್ಕೆ ಅವುಗಳಿಂದ ಯಾವ ವಿಶೇಷ ಪ್ರಯೋಜನವೂ ಇಲ್ಲವೆಂದು 1954ರಲ್ಲಿಯೇ ತೀರ್ಮಾನಿಸಿದರು. ಬೇಕಾದ ಬೀಜಾಣುಗಳು ಮಣ್ಣಿನಲ್ಲಿಯೂ ಹುಲ್ಲಿನಲ್ಲಿಯೂ ಮೊದಲೇ ಇರುತ್ತವೆ. ತೀವ್ರವಾದ ರಾಸಾಯನಿಕದಿಂದ ನಿರ್ಜೀವವಾದ ರಾಡಿಗೂ, ಕಗೋಷಿಮಾದ ಮಾದರಿಯ ಅತ್ಯುಷ್ಣ ಪದ್ಧತಿಗೂ ಹೆಪ್ಪು ಅವಶ್ಯವಿರಬಹುದು. ಆಗಲೂ ಹಿಂದಿನ ರಾಶಿಯ ಮಾಗಿದ ಗೊಬ್ಬರದಲ್ಲಿ ಒಂದು ಪಾಲನ್ನು ಹೊಸ ರಾಶಿಗೆ ಬೆರೆಸುವುದೇ ಮೇಲು, ಅದಕ್ಕೆ ಹಣ ಬೇಕಾಗಿಲ್ಲ.

ರಾಶಿಯ ಬಳಿ ದುಡಿಯುವವರನ್ನು ಮರೆಯುವುದು ಅನ್ಯಾಯ. ಉಷ್ಣಪ್ರಿಯ ಆಕ್ಟಿನೋಮೈಸೀಟುಗಳ ಧೂಳು ಶ್ವಾಸಕೋಶಕ್ಕೆ ಹೋದರೆ ಕೆಮ್ಮು, ಜ್ವರ, ಉಬ್ಬಸಗಳಿಂದ ಕೂಡಿದ ರೋಗ ಬರುತ್ತದೆ; ಹಳೆಯ ಕಬ್ಬಿನ ಸಿಪ್ಪೆಯ ಧೂಳಿನಿಂದ ಬರುವ ಬಗ್ಯಾಸೋಸಿಸ್ ಇದೇ ಜಾತಿಯದು. ಒಣಗಿದ ರಾಶಿಯನ್ನು ಮಗುಚುವಾಗ ಮುಖಕ್ಕೆ ಯೋಗ್ಯವಾದ ಮುಸುಕು, ರಾಶಿಗೆ ಸ್ವಲ್ಪ ನೀರು, ಇವು ದೊಡ್ಡ ಖರ್ಚಿನ ಬಾಬುಗಳಲ್ಲ.

ಕಾನೂನಿನ ಅಂಕೆಗಳು ನಮ್ಮಲ್ಲಿ ಬಿಗಿಯಾಗಿಯೇ ಇವೆ. 2016ರ ಘನತ್ಯಾಜ್ಯ ನಿಯಮಗಳು ಗೊಬ್ಬರದ ಪ್ರತಿ ಒಣ ಕಿಲೋಗ್ರಾಮಿಗೆ ಕ್ಯಾಡ್ಮಿಯಂ 5, ಕ್ರೋಮಿಯಂ 50, ಸೀಸ 100, ಪಾದರಸ 0.15 ಮಿಲಿಗ್ರಾಮನ್ನು ಮೀರಕೂಡದೆಂದು ವಿಧಿಸಿದವು. ಅಮೆರಿಕದ 1993ರ ನಿಯಮದಲ್ಲಿ ಶ್ರೇಷ್ಠ ದರ್ಜೆಯ ರಾಡಿಗೂ ಕ್ಯಾಡ್ಮಿಯಂ 39, ಸೀಸ 300 ಮಿಲಿಗ್ರಾಮಿನವರೆಗೆ ಅವಕಾಶವಿದೆ. ಆದರೆ ಹಲವು ಕಾರ್ಖಾನೆಗಳ ಹೊಲಸು ನೀರು ಒಂದೇ ಶುದ್ಧೀಕರಣ ಘಟಕಕ್ಕೆ ಹರಿದುಬರುವ ಕಡೆ, ಹತ್ತು ನಿರಪಾಯಕರವಾದ ಕಾರ್ಖಾನೆಗಳ ಒಳ್ಳೆಯ ರಾಡಿಯನ್ನು ಒಂದೇ ಒಂದು ಲೋಹಲೇಪನದ ಕಾರ್ಖಾನೆ ಕೆಡಿಸಬಲ್ಲುದು. ಆ ಮೇಲೆ ರಾಶಿಯಲ್ಲಿ ಎಷ್ಟು ಜಾಣತನ ತೋರಿದರೂ ಅದನ್ನು ಸರಿಪಡಿಸಲಾಗದು. ಲೋಹದ ನೀರನ್ನು ಅದು ಹೊರಡುವ ಕೊಳವೆಯಲ್ಲಿಯೇ ಬೇರೆಮಾಡಿ, ಅದರ ರಾಡಿಯನ್ನು ಅಪಾಯಕರ ತ್ಯಾಜ್ಯದ ಭದ್ರಗುಂಡಿಗೆ ಕಳುಹಿಸಿ, ಸೇಂದ್ರಿಯವಾದ ರಾಡಿಯನ್ನು ಮಾತ್ರ ಉಷ್ಣಪ್ರಿಯಗಳಿಗೆ ಒಪ್ಪಿಸುವುದೇ ಈ ಸಮಸ್ತ ಪ್ರಶ್ನೆಗೆ ನನಗೆ ತೋರುವ ಉತ್ತರ. ಕೈಗಾರಿಕಾ ವಸಾಹತುಗಳನ್ನು ಹೊಸದಾಗಿ ಯೋಜಿಸುವ ಅಧಿಕಾರಿಗಳು ಎರಡು ಬೇರೆ ಕೊಳವೆಗಳನ್ನು ಮೊದಲ ದಿನವೇ ನೆಲದಲ್ಲಿ ಹೂಳಿಸಬೇಕು. ರಾಡಿಯ ಗೊಬ್ಬರವನ್ನು ಕೊಳ್ಳುವ ರೈತ ಬಂಧುಗಳು, ಪುಕ್ಕಟೆಯಾಗಿ ಕೊಟ್ಟರೂ ಸಹ, ಆಯಾ ರಾಶಿಯ ಲೋಹಪರೀಕ್ಷೆಯ ವರದಿಯನ್ನು ಕೇಳಿ ಪಡೆದಲ್ಲದೆ ಒಂದು ಗಾಡಿಯನ್ನೂ ಹೊಲಕ್ಕೆ ಇಳಿಸಿಕೊಳ್ಳಬಾರದು.